ಒಂದು ಬೆರಳಿನ ಹೊಲ

ಸರ್ವೆ ಹಾಳೆ ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಕಾನಿಸ್ ಅದನ್ನು ಮುಂಡುಗದ ಚಾಪೆಯ ಮೇಲೆ ಹರಡಿ ನಾಲ್ಕು ಮೂಲೆಗೂ ನಾಲ್ಕು ಬಟ್ಟಲು ಇಟ್ಟ. ಅವನ ಹೆಂಡತಿ ರೋಫಿನಾ ಮರಗೆಣಸಿನ ಸೊಪ್ಪಿನ ಪಲ್ಯದ ಪಾತ್ರೆ ಹಿಡಿದುಕೊಂಡೇ ಹೆಗಲ ಮೇಲಿಂದ ಇಣುಕಿದಳು. ಊರಿನ ದುಂಡುಹೊಲ ಹಾಳೆಯ ಮೇಲೆ ಜೇಡರ ಬಲೆಯ ಹಾಗೆ ಕೂತಿತ್ತು. ನಡುವೆ ಒಂದು ಚುಕ್ಕೆ, ಚುಕ್ಕೆಯಿಂದ ಹೊರಟ ಗೆರೆಗಳು, ಸುತ್ತ ಒಂದು ದೊಡ್ಡ ಬಳೆ.

"ಹನ್ನೆರಡು ಮನೆ, ಹನ್ನೆರಡು ಪಾಲು. ಎಣಿಸು," ಎಂದ ಕಾನಿಸ್.

"ನೀನೇ ಎಣಿಸು. ನನ್ನ ಕೈ ಸುಡ್ತಿದೆ."

"ಮೂರು ಸಲ ಎಣಿಸ್ದೆ. ಹದಿಮೂರು ಬರುತ್ತೆ."

ರೋಫಿನಾ ಪಾತ್ರೆ ಇಳಿಸಿದಳು. ಹದಿಮೂರು ಅವಳಿಗೆ ಹೊಸ ಸುದ್ದಿಯಾಗಿರಲಿಲ್ಲ. ಒಂದು ವಾರದಿಂದ ದಿನಕ್ಕೆರಡು ಹೊತ್ತು ಅವಳು ಹದಿಮೂರನ್ನು ನೋಡುತ್ತಿದ್ದಳು, ಮಾವನ ತಟ್ಟೆಯಲ್ಲಿ.

ಮಾವ ಲಂಬೆರ್ತು ಗೋಲೊ ರುತುಂಗ್ ಊರಿನ ಬೆರಳಿಡುವ ಹಿರಿಯ. ಕಾಡು ಕಡಿದು ಹೊಸ ಹೊಲ ಮಾಡಿದಾಗ ನಡುವೆ ಒಂದು ಕಂಬ ನೆಡುತ್ತಾರೆ. ಹಿರಿಯ ಕಂಬದ ತಲೆಗೆ ತನ್ನ ಬೆರಳಿಟ್ಟು ಒಂದು ಮನೆಗೆ ಒಂದು ಬೆರಳು, ಇನ್ನೊಂದಕ್ಕೆ ಎರಡು, ತನ್ನ ಮನೆಗೆ ಮೂರು ಎಂದು ಪಾಲು ಹೇಳುತ್ತಾನೆ. ಅಲ್ಲಿಂದ ಹಗ್ಗ ಎಳೆದರೆ ನಡುವಿನಲ್ಲಿ ಬೆರಳಗಲವಿದ್ದದ್ದು ಅಂಚು ಮುಟ್ಟುವಷ್ಟರಲ್ಲಿ ಮನೆ ಕಟ್ಟುವಷ್ಟು ಅಗಲವಾಗುತ್ತದೆ. ಕಂಬದ ಬುಡಕ್ಕೆ ಹಂದಿಯ ರಕ್ತ ಬಿದ್ದ ಮೇಲೆ ಇಟ್ಟ ಬೆರಳನ್ನು ತೆಗೆಯುವ ಹಾಗಿಲ್ಲ.

ಅಂಥ ಬೆರಳುಗಳು ಹೋದ ಈಸ್ಟರ್‌ಗೆ ಸತ್ತವು. ಮುದುಕನ ಬಲಗೈ, ಬಲಗಾಲು, ಮಾತು, ಎಲ್ಲ ಒಂದೇ ಬೆಳಿಗ್ಗೆ ಹೋದವು. ಈಗ ರೋಫಿನಾಳೇ ಚಮಚದಲ್ಲಿ ತಿನ್ನಿಸಬೇಕು. ತಟ್ಟೆಯನ್ನು ಅವನ ಮುಂದೆ ಇಡುತ್ತಿದ್ದದ್ದು ಬರೀ ಮರ್ಯಾದೆಗೆ. ಆದರೆ ವಾರದ ಹಿಂದೆ ಅವಳು ಉಪ್ಪು ತರಲು ಎದ್ದು ಹೋಗಿ ಬರುವಷ್ಟರಲ್ಲಿ ಅನ್ನದ ಗುಡ್ಡೆ ಚಪ್ಪಟೆಯಾಗಿ, ನಡುವಿನಿಂದ ಅಂಚಿಗೆ ಗೆರೆ ಎಳೆದು ಪಾಲು ಪಾಲಾಗಿತ್ತು. ಬಲಗೈ ಮಡಿಲಲ್ಲೇ ಬಿದ್ದಿತ್ತು. ತೋರುಬೆರಳ ತುದಿಗೆ ಎರಡು ಅಗುಳು ಅಂಟಿದ್ದವು.

ಮೊದಲ ದಿನ ಅವಳು ನಕ್ಕು ಚಮಚದಲ್ಲಿ ಗೆರೆ ಅಳಿಸಿದಳು. ಮೂರನೆಯ ದಿನ ಎಣಿಸಿದಳು. ಆಮೇಲೆ ಗಂಡ ಬರುವ ಮೊದಲೇ ಅಳಿಸಿಬಿಡುತ್ತಿದ್ದಳು.

"ತಪ್ಪು ಅಳತೆ. ಯಂತ್ರಕ್ಕೇನು ಗೊತ್ತು?" ಎಂದ ಕಾನಿಸ್, ಅನ್ನ ಕಲಸುತ್ತ.

"ಯಂತ್ರ ಮಂಜಲ್ಲಿ ನೆನೆದಿರ್ಬೇಕು," ಎಂದಳು ಅವನ ತಂಗಿ ಯುಸ್ತಿನಾ. ಮನೆಯಲ್ಲಿ ಎಲ್ಲರಿಗೂ ಅವಳು ತಿನಾ. ಗಂಡ ಸತ್ತ ಮೇಲೆ ಒಂದು ಬಟ್ಟೆಗಂಟು, ಒಂದು ಹೊಲಿಗೆ ಯಂತ್ರ ಹೊತ್ತುಕೊಂಡು ತವರಿಗೆ ಬಂದು ಎಂಟು ತಿಂಗಳಾಗಿತ್ತು. "ಇಲ್ಲಾಂದ್ರೆ ನಿಮ್ಮ ದಲ್ಲಾಳಿ ಹೆರ್ಮನ್ ಅದಕ್ಕೂ ಹೆಂಡ ಕುಡ್ಸಿರ್ಬೇಕು."

"ನಿನ್ನ ಕೇಳ್ದೋರ್ಯಾರು?"

"ಯಾರೂ ಕೇಳಲ್ಲ ಅಂತ್ಲೇ ಹೇಳ್ತೀನಿ ಅಣ್ಣ."

ಎಂಟು ವರ್ಷದ ಲೆನಿ ಅಪ್ಪನ ಮುಖ, ಅತ್ತೆಯ ಮುಖ ನೋಡಿ ನಗುವುದೋ ಬೇಡವೋ ಎಂದು ಕಾಯುತ್ತ ಕೂತಿದ್ದಳು. ರೋಫಿನಾ ಮಗಳ ತಟ್ಟೆಗೆ ಒಣಮೀನಿನ ತುಂಡು ಹಾಕಿ, "ತಿನ್ನು," ಎಂದಳು.

ಕಾನಿಸನ ಆತುರಕ್ಕೆ ಕಾರಣವಿತ್ತು. ಪ್ರವಾಸಿಗರ ದೋಣಿ ಬರುವ ಬಂದರು ಪೇಟೆಯಿಂದ ಊರಿನ ಕೆಳಗಿನವರೆಗೂ ಹೊಸ ರಸ್ತೆ ಬಂದಿತ್ತು. ಜೇಡರ ಬಲೆಯಂಥ ಹೊಲವನ್ನು ಮೇಲಿನಿಂದ ನೋಡುತ್ತ ಕಾಫಿ ಕುಡಿಯಲು ಯಾರೋ ಕಣ್ಣಿಗೆ ಕಾಣದ ಸಾಹುಕಾರನಿಗೆ ಪಡುವಣ ಅಂಚಿನಲ್ಲಿ ಬಂಗಲೆ ಬೇಕಿತ್ತಂತೆ. ಆ ಅಂಚು ಕಾನಿಸನ ಮನೆಯ ಮೂರು ಬೆರಳಿನದು. ಹದಿನೈದು ಕೋಟಿ ರೂಪಿಯಾ. ಆ ದ್ವೀಪದ ದುಡ್ಡಿನಲ್ಲಿ ಕೋಟಿ ಅಷ್ಟು ದೊಡ್ಡದಲ್ಲ. ಏಳು ಮೋಟಾರ್‌ಸೈಕಲ್ಲಿನ ಹಣ ಎಂದು ಲೆನಿ ಲೆಕ್ಕ ಹಾಕಿದ್ದಳು. ಸೋರುವ ತಗಡು ಬದಲಾಗುತ್ತದೆ, ಲೆನಿಯ ಓದು ಆಗುತ್ತದೆ, ಮಾವನನ್ನು ಪೇಟೆಯ ಡಾಕ್ಟರಿಗೆ ತೋರಿಸಬಹುದು ಎಂದು ರೋಫಿನಾ ಕೂಡ ರಾತ್ರಿಗಳಲ್ಲಿ ಮನಸ್ಸಿನೊಳಗೇ ಹಂಚಿ ಇಟ್ಟಿದ್ದಳು. ಹಕ್ಕುಪತ್ರ ಮಾತ್ರ ಚೊಕ್ಕವಾಗಿರಬೇಕು.

ಸಂಜೆಗೆ ಮೊದಲೇ ಎಲ್ಲರೂ ಹೊಲಕ್ಕೆ ಹೋದರು. ಪಕ್ಕದ ಪಾಲಿನ ದಾನು ಹಗ್ಗ ತಂದ. ನಡುಗಂಬದಿಂದ ಕಾನಿಸ್ ತನ್ನ ಎಲ್ಲೆಗೆ ಹಗ್ಗ ಎಳೆದ. ದಾನು ತನ್ನ ಎಲ್ಲೆಗೆ ಎಳೆದ. ಎರಡು ಹಗ್ಗವೂ ಒಂದೇ ಗೆರೆಯ ಮೇಲೆ ಬೀಳಬೇಕಿತ್ತು. ಬೀಳಲಿಲ್ಲ. ಕಂಬದ ಹತ್ತಿರ ಒಂದು ಬೆರಳಿನಷ್ಟಿದ್ದ ಸಂದು ಇಳಿಜಾರಿನ ಅಂಚಿಗೆ ಹೋಗುವಷ್ಟರಲ್ಲಿ ಹನ್ನೊಂದು ಮಾರಾಗಿತ್ತು. ಅದರ ತುಂಬ ಎದೆಯೆತ್ತರದ ಮುಸುಕಿನ ಜೋಳ. ಒಂದು ಕಳೆ ಇಲ್ಲ.

"ಇದು ನಿಮ್ದು ಅನ್ಕೊಂಡಿದ್ದೆ," ಎಂದ ದಾನು.

"ನಾನು ನಿಂದು ಅನ್ಕೊಂಡಿದ್ದೆ."

"ಮತ್ತೆ ಬಿತ್ತಿದ್ದು?"

"ನಿಮ್ಮೋರೇ ಯಾರೋ."

ದಾನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಬೆಳಿಗ್ಗೆ ಮಂಜು ಇರೋ ಹೊತ್ತಲ್ಲಿ ಒಬ್ಬ ಹೆಂಗಸು ಬಗ್ಗಿ ಕಳೆ ಕೀಳ್ತಿರ್ತಾಳಲ್ಲ. ಮೂರು ವರ್ಷದಿಂದ ನೋಡ್ತಿದೀನಿ. ರೋಫಿನಾ ಅಂತಿದ್ದೆ. ಬೇರೆಯವರ ಹೆಂಡ್ತೀನ ಮಂಜಲ್ಲಿ ಯಾಕೆ ಮಾತಾಡ್ಸೋದು ಅಂತ ಸುಮ್ನಾಗ್ತಿದ್ದೆ."

"ನಾನು ಬೆಳಿಗ್ಗೆ ಹೊಲಕ್ಕೆ ಬರೋದೇ ಇಲ್ವಲ್ಲ ದಾನಣ್ಣ. ಹಂದಿಗೆ ಹಾಕಿ, ಇವಳನ್ನ ಸ್ಕೂಲಿಗೆ ಕಳ್ಸಿ, ಮನೆ ಬಿಡೋಷ್ಟರಲ್ಲಿ ಮಂಜು ಹೋಗಿರುತ್ತೆ," ಎಂದಳು ರೋಫಿನಾ.

ದಾನು ಟೋಪಿ ಹಾಕಿಕೊಂಡ. ಹಗ್ಗ ಸುತ್ತತೊಡಗಿದ.

ತಿನಾ ಒಂದು ತೆನೆ ಮುರಿದು ಮುಸುಕು ಸುಲಿದಳು. ಕಾಳು ಕೆಂಪಗಿತ್ತು, ಕೋಳಿಯ ಜುಟ್ಟಿನ ಕೆಂಪು. ರೋಫಿನಾ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಅತ್ತೆ ವೆರೋನಿಕಾ ಒಲೆಯ ಮೇಲಿನ ಅಟ್ಟಕ್ಕೆ ಕಟ್ಟಿ ಹೊಗೆ ಹಿಡಿಸಿ ಇಡುತ್ತಿದ್ದ ಬೀಜ. ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಅತ್ತೆ ಸತ್ತ ತಿಂಗಳಲ್ಲೇ ಕೊನೆಯ ಗೊಂಚಲನ್ನು ಇಲಿ ತಿಂದಿತ್ತು. ಆ ಬರಿ ದಿಂಡನ್ನು ಒಲೆಗೆ ಹಾಕಿದವಳು ರೋಫಿನಾಳೇ.

ಆ ರಾತ್ರಿಯ ಊಟಕ್ಕೆ ತಿನಾ ನಾಲ್ಕು ತೆನೆ ಸುಟ್ಟಳು. ಕಾನಿಸ್ ಮುಟ್ಟಲಿಲ್ಲ. ರೋಫಿನಾ ಕಾಳು ಬಿಡಿಸಿ ಜಜ್ಜಿ ಮಾವನ ಬಾಯಿಯ ಹತ್ತಿರ ಒಯ್ದಳು. ಎಂದೂ ಗಲ್ಲ ಒತ್ತಿದರೆ ಮಾತ್ರ ತೆರೆಯುವ ಬಾಯಿ ಚಮಚ ಬರುವ ಮೊದಲೇ ತೆರೆದುಕೊಂಡು ಕಾಯುತ್ತಿತ್ತು.

*

ಮೊದಲ ಸಲ ಗೋಡೆ ಸದ್ದಾದದ್ದು ಅದರ ಮರುವಾರ. ಮಧ್ಯಾಹ್ನ ಮೂರಕ್ಕೆ ಮಂಜು ಗುಡ್ಡ ಇಳಿದು ಅಂಗಳಕ್ಕೆ ಬಂದಿತ್ತು. ರೋಫಿನಾ ಕಾಫಿಬೀಜ ಹುರಿಯುತ್ತಿದ್ದಳು. ತಿನಾ ಯಂತ್ರ ತುಳಿಯುತ್ತಿದ್ದಳು. ಹಿಂದಿನ ಕೋಣೆಯ ಬಿದಿರುಗೋಡೆಗೆ ಹೊರಗಿನಿಂದ ಯಾರೋ ಅಂಗೈಯಲ್ಲಿ ಮೂರು ಸಲ ಬಡಿದರು.

"ದಾನಣ್ಣನ ಹಂದಿ ಬಿಚ್ಕೊಂಡಿದೆ," ಎಂದಳು ರೋಫಿನಾ.

"ಹಂದಿ ಎಣಿಸಿ ಬಡಿಯಲ್ಲ ಅತ್ತಿಗೆ."

ರೋಫಿನಾ ಮನೆ ಸುತ್ತಿ ಬಂದಳು. ಬೆಳಗಿನ ಮಳೆಗೆ ಹಿತ್ತಿಲು ಬೆಣ್ಣೆಯ ಹಾಗೆ ಮೆತ್ತಗಿತ್ತು. ಅದರ ಮೇಲೆ ಅವಳದೇ ಹೆಜ್ಜೆ ಬಿಟ್ಟರೆ ಇನ್ನೊಂದಿಲ್ಲ. ಒಳಗೆ ಬಂದಾಗ ಬೀಜ ಸೀದಿತ್ತು.

ಮರುದಿನವೂ ಅದೇ ಹೊತ್ತಿಗೆ ಅದೇ ಮೂರು. ಮೂರನೆಯ ದಿನ ಕಾನಿಸ್ ಮನೆಯಲ್ಲಿದ್ದ. ಕೇಳಿದ. ಕತ್ತಿ ಹಿಡಿದು ಹೊರಗೆ ಓಡಿದವನು ಸುಮ್ಮನೆ ಮರಳಿ ಬಂದು ನೀರು ಕುಡಿದ.

"ಅಪ್ಪ, ಇದು ಪಾಪು ಹುಟ್ಟಿದಾಗ ಕೇಳ್ತಾರಲ್ಲ, ಹಂಗೇ ಇದೆ. ದಾನು ಮಾಮನ ಮನೇಲಿ ಕೇಳಿದ್ರಲ್ಲ," ಎಂದಳು ಲೆನಿ.

ಆ ಊರಲ್ಲಿ ಮಗು ಹುಟ್ಟಿದ ಕೂಡಲೇ ಮನೆಯ ಹಿರಿಯರೊಬ್ಬರು ಹೊರಗೆ ನಿಂತು ಗೋಡೆ ಬಡಿದು ಕೇಳುತ್ತಾರೆ: ಒಳಗಿನದೋ, ಹೊರಗಿನದೋ? ಒಳಗಿರುವ ಹೆಂಗಸರು ಉತ್ತರ ಕೊಡಬೇಕು. ಗಂಡಾದರೆ ಒಳಗಿನದು. ಅವನು ಹೊಲಕ್ಕೆ, ಊರ ಹಿರಿಯರು ಕೂಡುವ ನಗಾರಿಮನೆಗೆ, ಹೆಸರಿಗೆ ಉಳಿಯುವವನು. ಹೆಣ್ಣಾದರೆ ಹೊರಗಿನದು. ಒಂದು ದಿನ ಮದುವೆಯ ತೆರದ ಎಮ್ಮೆ ಕುದುರೆ ಲೆಕ್ಕದಲ್ಲಿ ಹೊರಗೆ ಹೋಗುವವಳು.

ಕಾನಿಸ್ ಹೆಂಡತಿಯ ಹೊಟ್ಟೆ ನೋಡಿದ. "ನಿಂಗೇನಾದ್ರೂ..."

"ನಲವತ್ತೊಂದಕ್ಕಾ? ಬೇಕಾದ್ರೆ ನೀನೇ ಹೆರು. ಗೋಡೆ ನಾನು ಬಡೀತೀನಿ."

ತಿನಾ ಗಟ್ಟಿಯಾಗಿ ನಕ್ಕಳು. ಮೂಲೆಯ ಹಾಸಿಗೆಯ ಮೇಲೆ ಮುದುಕ ಮಾತ್ರ ಗೋಡೆಯ ಕಡೆಗೇ ಮುಖ ಮಾಡಿ, ಯಾರಾದರೂ ಇನ್ನೇನು ಉತ್ತರ ಕೊಡುತ್ತಾರೆ ಎಂಬಂತೆ ಕಾಯುತ್ತಿದ್ದ.

*

ದಲ್ಲಾಳಿ ಹೆರ್ಮನ್ ಭಾನುವಾರ ಪೂಜೆ ಮುಗಿಸಿಕೊಂಡು ಬಂದ. ಇಸ್ತ್ರಿ ಮಾಡಿದ ಅಂಗಿ, ಕೆಸರಾದ ಬೂಟು. ಅವನಿಗಾಗಿ ಒಂದು ಕೋಳಿ ಹೋಯಿತು.

"ಸಾಹೇಬರಿಗೆ ಗೊಂದಲದ ಜಾಗ ಬೇಡ ಕಾನಿಸ್. ಆ ಜೋಳದ ಪಟ್ಟಿ ಸರಿಯಾಗಿ ಬಂಗ್ಲೆ ಬರೋ ಜಾಗದ್ ಅಂಚಿಗೇ ಹಾದುಹೋಗಿದೆ. ಇಪ್ಪತ್ತನೇ ತಾರೀಕು ಸರ್ವೆಯವರು ಸಹಿಗೆ ಬರ್ತಾರೆ. ಅಷ್ಟರಲ್ಲಿ ಅದು ನಿಂದಾಗ್ಬೇಕು," ಎಂದು ಕೋಳಿಯ ಕಾಲು ಬಿಡಿಸಿದ.

"ಅಪ್ಪನ ಹೆಬ್ಬೆಟ್ಟು ಒತ್ತಿಸ್ತೀನಿ. ಬೆರಳಿಟ್ಟವನು ಅವನೇ. ಅವನೇ ಕೊಟ್ಟ ಅಂದ್ರೆ ದಾನು ಕೂಡ ಮಾತಾಡಲ್ಲ."

"ಆ ಪಟ್ಟೀನ ನಂಗೆ ಕೊಡು ಅಣ್ಣ," ಎಂದಳು ತಿನಾ.

ಹೆರ್ಮನ್ ಕೋಳಿಯ ಕಾಲನ್ನು ತಟ್ಟೆಗೆ ಇಳಿಸಿದ.

"ಒಂದು ಗುಡಿಸ್ಲು, ಹೊಲಿಗೆ ಯಂತ್ರ, ಒಂದಿಷ್ಟು ಜೋಳ. ಯಾರ್ದೂ ಅಲ್ಲ ಅಂತಿದೀರಲ್ಲ. ನಾನೂ ಯಾರವಳೂ ಅಲ್ಲ. ಸರಿ ಹೋಗುತ್ತೆ."

"ನಿನ್ನ ಗಂಡನ ಮನೆಯವರು ಐದು ಎಮ್ಮೆ ಕೊಟ್ಟಿದಾರೆ."

"ಎಮ್ಮೆ ತಿಂದೋರು ನೀವು. ಮೈದುನನ ಜೊತೆ ಸಂಸಾರ ಮಾಡು ಅಂತ ಅಲ್ಲಿ ನಂಗೆ ಹೇಳ್ತಾರೆ. ಅವನಿಗೆ ನಾನು ತಿನ್ನಿಸಿ ಬೆಳ್ಸಿದೀನಿ ಅಣ್ಣ. ಚಿಕ್ಕ ಹುಡುಗ ಆಗಿದ್ದ."

"ಅದಕ್ಕೇ ಹೇಳಿದ್ದು, ಎಣ್ಣೆತಾಳೆ ತೋಟಕ್ಕೆ ಹೋಗು ಅಂತ. ಏಜೆಂಟ್ ಇಪ್ಪತ್ತೊಂದನೇ ತಾರೀಕು ಲಾರಿ ತರ್ತಾನೆ. ಕಡಲು ದಾಟಿದ್ರೆ ತಿಂಗಳ ಸಂಬಳ. ಹೊರಗಿನವಳಿಗೆ ಒಳಗಿನ ಹೊಲ ಕೊಟ್ಟವ್ರು ಈ ಊರಲ್ಲಿ ಯಾರಿದಾರೆ? ನಾಳೆ ನಗಾರಿಮನೇಲಿ ನಾನು ಹೆಂಗೆ ಕೂರ್ಲಿ?"

"ಮಾರಿಬಿಟ್ಟ ಮೇಲೂ ಅಲ್ಲಿ ಹೆಂಗೆ ಕೂರ್ತೀಯೋ ಹಂಗೇ ಕೂರು," ಎಂದಳು ತಿನಾ.

"ಅತ್ತಿಗೆ," ಎಂದು ರೋಫಿನಾಳ ಕಡೆ ತಿರುಗಿದಳು. "ನೀವು ಏನಂತೀರಿ?"

ರೋಫಿನಾ ಹೆರ್ಮನ್ನನ ಲೋಟಕ್ಕೆ ಕಾಫಿ ಬಗ್ಗಿಸಿದಳು. "ಸಕ್ಕರೆ ಸಾಕಾ?" ಎಂದು ಅವನನ್ನು ಕೇಳಿದಳು.

ಅಂದಿನಿಂದ ತಿನಾ ಅವಳೊಡನೆ ಬೇಕಾದಷ್ಟೇ ಮಾತಾಡಿದಳು. ನೀರು ತರುವುದು, ಸೀಮೆಬದನೆ ಹೆಚ್ಚುವುದು, ಮುದುಕನ ಬಟ್ಟೆ ಒಗೆಯುವುದು, ಯಾವುದೂ ತಪ್ಪಲಿಲ್ಲ. ರಾತ್ರಿ ಗಂಟು ಕಟ್ಟಿದ ಸದ್ದು, ಮತ್ತೆ ಬಿಚ್ಚಿದ ಸದ್ದು ಬಿದಿರಿನ ಆಚೆಯಿಂದ ಬರುತ್ತಿತ್ತು. ರೋಫಿನಾ ಮಾತ್ರ ದಿನವೂ ಮಾವನ ತಟ್ಟೆಯ ಗೆರೆಗಳನ್ನು ಚಮಚದಿಂದ ಅಳಿಸುತ್ತಿದ್ದಳು. ಒಂದು ಮಧ್ಯಾಹ್ನ ಹದಿಮೂರರಲ್ಲಿ ಹನ್ನೆರಡು ಪಾಲು ಅಳಿಸಿಹೋದವು. ಒಂದರ ಗೆರೆ, ಅತಿ ತೆಳ್ಳಗಿನದು, ಎಷ್ಟು ಒತ್ತಿದರೂ ಅನ್ನದಲ್ಲಿ ಮತ್ತೆ ಮೂಡಿತು. ಅವಳು ತಟ್ಟೆಯನ್ನು ಹಾಗೇ ಎತ್ತಿಕೊಂಡು ಹೋಗಿ ಹಂದಿಗೆ ಸುರಿದಳು. ಹಂದಿ ಎಲ್ಲ ತಿಂದು ಒಂದು ಎಸಳಿನಷ್ಟು ಅನ್ನ ಬಿಟ್ಟು ಹೋಯಿತು.

*

ಹದಿನೆಂಟನೆಯ ತಾರೀಕು ಅವಳು ಒಂದು ಪೊಟ್ಟಣ ಹೊಗೆಸೊಪ್ಪು ಕಟ್ಟಿಕೊಂಡು ಸೂಲಗಿತ್ತಿ ಮೊನಿಕಾಳ ಮನೆಗೆ ಹೋದಳು. ಮುದುಕಿಗೆ ಎಷ್ಟು ವಯಸ್ಸೆಂದು ಯಾರಿಗೂ ತಿಳಿಯದು. ಊರಿನ ಅರ್ಧ ಜನರ ಹೊಕ್ಕುಳು ಅವಳು ಬಿದಿರಿನ ಸಿಪ್ಪೆಯಲ್ಲಿ ಕೊಯ್ದದ್ದು.

"ನಿಮ್ಮನೆ ಗೋಡೆ ಬಡೀತಿದೆಯಂತಲ್ಲ," ಎಂದಳು ಮೊನಿಕಾ, ಸೊಪ್ಪನ್ನು ಮೂಸುತ್ತ.

"ಯಾರು ಹೇಳಿದ್ರು?"

"ನಿನ್ನ ಮಗಳು ಊರಿಗೆಲ್ಲ ಹೇಳಿದಾಳೆ. ಕೂತ್ಕೋ. ಇದು ಇವತ್ತಿನ ಕೇಳಿಕೆ ಅಲ್ಲ ಕಣೆ. ತಿನಾ ಹುಟ್ಟಿದ ದಿನದ್ದು."

ರೋಫಿನಾ ಕೂತಳು.

"ಮೂವತ್ನಾಲ್ಕು ವರ್ಷ ಆಯ್ತು. ಅವತ್ತೇ ದುಂಡುಹೊಲದ ಪಾಲು. ಗಂಡಸರೆಲ್ಲ ಗುಡ್ಡದ ಮೇಲೆ. ನಿಮ್ಮತ್ತೆ ಒಳಗೆ ನೋವು ತಿಂತಿದ್ಲು. ನಾನಿದ್ದೆ. ಹೊರಗೆ ನಿನ್ನ ಮಾವನ ತಾಯಿ. ಮಗು ಬಿತ್ತು. ಮುದುಕಿ ಗೋಡೆ ಬಡಿದು ಕೇಳಿದ್ಲು. ನಾನು ಬಾಯಿ ತೆಗೆಯೋ ಮೊದ್ಲೇ ನಿಮ್ಮತ್ತೆ ಕೂಗಿ ಹೇಳಿದ್ಲು, ಒಳಗಿನದು ಅಂತ."

"ತಿಳೀದೆ?"

"ಮಗೂನ ಕೈಲಿ ಹಿಡ್ಕೊಂಡು, ಕಾಲು ಬಿಡಿಸಿ ನೋಡ್ತಾನೇ ಹೇಳಿದ್ಲು. ನನ್ನ ಕಡೆ ನೋಡಿದ್ಲು ನೋಡು, ನಾನು ಬಾಯಿ ಮುಚ್ಚಿದೋಳು ಇವತ್ತು ತೆಗೀತಿದೀನಿ. ಗುಡ್ಡಕ್ಕೆ ಸುದ್ದಿ ಓಡ್ಸಿದ್ರು. ಓಡಿದ್ದು ಯಾರು ಗೊತ್ತಾ? ನಿನ್ನ ಗಂಡ. ಆಗ ಹತ್ತು ವರ್ಷದೋನು. ಅವನು ಹೋಗಿ ಹೇಳ್ದ, ಅಪ್ಪ ಒಳಗಿನದು ಅಂತ. ನಿನ್ನ ಮಾವ ಹಿಗ್ಗಿ ಹೊಸ ಮಗನಿಗೆ ಅಂತ ಒಂದು ಬೆರಳಿಟ್ಟ. ರಕ್ತ ಬಿತ್ತು. ಸಂಜೆ ಮನೆಗೆ ಬಂದು ನೋಡ್ತಾನೆ, ಹೆಣ್ಣು."

"ಆಮೇಲೆ?"

"ಆಮೇಲೆ ಏನು, ಸುಳ್ಳು ಸುದ್ದಿ ಹೇಳ್ದೆ ಅಂತ ಹುಡುಗನಿಗೆ ಅಳತೆ ಹಗ್ಗದಲ್ಲೇ ಹೊಡ್ದ. ನಿಮ್ಮತ್ತೆ ನೋಡ್ತಾ ಇದ್ಲು. ತಾನೇ ಹೇಳಿದ್ದು ಅನ್ಲಿಲ್ಲ. ಅಂದಿದ್ರೆ ಮೋಸದ ಬೆರಳು ಅಂತ ಅದು ಹೋಗ್ತಿತ್ತಲ್ಲ. ನಿನ್ನ ಮಾವನಿಗೆ ಇಟ್ಟ ಬೆರಳು ತೆಗೆಯೋಕಾಗಲ್ಲ, ಹೆಣ್ಣಿಗೆ ಕೊಟ್ಟೆ ಅಂತ ಹೇಳೋಕಾಗಲ್ಲ. ಈ ಕಡೆಯವ್ರಿಗೆ ಆ ಕಡೆಯವ್ರದು ಅಂದ, ಆ ಕಡೆಯವ್ರಿಗೆ ಈ ಕಡೆಯವ್ರದು ಅಂದ. ನಿಮ್ಮತ್ತೆ ಮಂಜು ಇರೋ ಹೊತ್ತಲ್ಲಿ ಹೋಗಿ ಬಿತ್ಕೊಂಡು ಬರ್ತಿದ್ಲು. ಸಾಯೋವರೆಗೂ."

"ಸತ್ತ ಮೇಲೆ?"

ಮೊನಿಕಾ ಹೊಗೆಸೊಪ್ಪನ್ನು ಕೆನ್ನೆಯೊಳಗೆ ಒತ್ತಿದಳು. "ಜೋಳ ಇದೆಯಲ್ಲ," ಎಂದಳಷ್ಟೆ.

ಎದ್ದು ಹೊರಟಾಗ ರೋಫಿನಾ ಕೇಳಿದಳು. "ಈಗ ಬಡೀತಿರೋದು ಯಾರು ಅಜ್ಜಿ?"

"ಆವಾಗ ಬಡಿದೋಳೇ ಇರ್ಬೇಕು. ಸತ್ತು ಇಪ್ಪತ್ತು ವರ್ಷ ಆಯ್ತು. ಸರಿಯಾದ ಉತ್ತರ ಸಿಗೋವರೆಗೂ ಕೇಳ್ತಾಳೆ. ಮೊದ್ಲಿಂದಲೂ ಹಟಮಾರಿ."

"ಏನ್ ಹೇಳ್ಬೇಕು?"

"ಅದು ನಂಗೆ ಗೊತ್ತಿಲ್ಲಮ್ಮ. ಮನೆ ಒಳಗಿನ ಹೆಂಗಸು ಹೇಳಿದ್ದೇ ಮಾತು. ಗಂಡಸರು ಹೇಳೋಹಂಗಿಲ್ಲ. ಹುಟ್ಟಿದೋಳು ತನ್ನ ಬಗ್ಗೆ ತಾನು ಹೇಳೋಹಂಗಿಲ್ಲ. ಆ ಮನೇಲಿ ಹೆಂಗಸು ಅಂದ್ರೆ ಈಗ ನೀನು. ಹೊರಗಿನದು ಅಂದ್ರೆ ಬೆರಳು ಮನೆಗೆ ಸೇರುತ್ತೆ. ತಗಡು ಬರುತ್ತೆ."

ಮನೆಗೆ ಬರುವ ದಾರಿಯಲ್ಲಿ ರೋಫಿನಾ ಎರಡು ಕಡೆ ಕೂತು ಎದ್ದಳು. ಅವಳ ತವರು ಬಂದರಿನ ಹತ್ತಿರದ ಊರು. ಹೋದ ವರ್ಷ ಅಣ್ಣನ ತಿಥಿಗೆಂದು ಒಂದು ಬುಟ್ಟಿ ಅಕ್ಕಿ, ಒಂದು ಹುಂಜ ಹಿಡಿದು ಹೋದಾಗ ಅವಳು ಆಡಿ ಬೆಳೆದ ಗೋಡಂಬಿ ತೋಪಿಗೆ ಬೇಲಿ ಬಂದಿತ್ತು. ಗೇಟಿನ ಕಾವಲುಗಾರ ಯಾರನ್ನು ನೋಡಬೇಕು ಎಂದು ಕೇಳಿದ. ಹೆಸರು ಬರೆಸಿಕೊಂಡ. ಹುಂಜವನ್ನು ಒಳಗೆ ಬಿಡಲಿಲ್ಲ. ಕಂಕುಳಲ್ಲಿ ಹುಂಜ ಇಟ್ಟುಕೊಂಡೇ ಅವಳು ತೋಪನ್ನು ಸುತ್ತು ಹಾಕಿ ಹೋಗಿದ್ದಳು. ಕಾನಿಸನಿಗೆ ಅದನ್ನು ಹೇಳಿರಲಿಲ್ಲ. ಹುಂಜ ದಾರಿಯುದ್ದಕ್ಕೂ ಸುಮ್ಮನಿತ್ತು ಎಂದಷ್ಟೇ ಹೇಳಿದ್ದಳು.

*

ಇಪ್ಪತ್ತನೆಯ ತಾರೀಕು ಮನೆ ತುಂಬ ಜನ. ಸರ್ವೆಯ ಹುಡುಗಿ, ಕನ್ನಡಕ ಹಾಕಿದ ಚುರುಕು ಹುಡುಗಿ, ಚಾಪೆಯ ಮೇಲೆ ಕಾಗದ ಹರಡಿಕೊಂಡು ಕೂತಿದ್ದಳು. ಊರ ಮುಖ್ಯಸ್ಥ, ದಾನು, ಹೆರ್ಮನ್, ಉಳಿದ ಪಾಲುದಾರರು ಗೋಡೆಗೊರಗಿ ಕಾಫಿ ಕುಡಿಯುತ್ತಿದ್ದರು. ತಿನಾ ಬಾಗಿಲ ಪಕ್ಕ ಗಂಟಿನ ಮೇಲೆ ಕೂತಿದ್ದಳು. ಲಾರಿ ನಾಳೆ ನಸುಕಿಗೆ.

ಹನ್ನೆರಡು ಕಾಗದಕ್ಕೆ ಸಹಿ ಬಿತ್ತು. ಹುಡುಗಿ ಹದಿಮೂರನೆಯದನ್ನು ಮುಂದೆ ತಳ್ಳಿದಳು.

"ಇದರಲ್ಲಿ ಹೆಸರು ಇಲ್ಲ."

"ನಂದು," ಎಂದ ಕಾನಿಸ್. "ಅಪ್ಪ ಕೊಡ್ತಾರೆ."

ಅವನು ಮಸಿಯ ಡಬ್ಬಿ ತೆರೆದು ಮುದುಕನ ಬಲಗೈ ಎತ್ತಿದ. ಒರಟಾಗಿಯಲ್ಲ, ಮಗುವಿನ ಕೈ ಹಿಡಿದ ಹಾಗೆ. ಹೆಬ್ಬೆಟ್ಟಿಗೆ ಮಸಿ ಹಚ್ಚಿದ. ಕಾಗದದ ಮೇಲೆ ಒತ್ತಲು ಹೋದಾಗ ಕೈ ಕಬ್ಬಿಣದ ಕಂಬಿಯಂತೆ ಸೆಟೆದುಕೊಂಡಿತು. ಅವನು ತನ್ನ ಎರಡೂ ಕೈ ಹಾಕಿದ. ಹೆಬ್ಬೆಟ್ಟು ಕಾಗದದಿಂದ ಒಂದು ಬೆರಳಿನಷ್ಟು ಮೇಲೆ ನಿಂತಿತು, ಕೆಳಗಿಳಿಯಲಿಲ್ಲ.

"ಅಪ್ಪ," ಎಂದ ಕಾನಿಸ್. "ಬಿಡು ಅಪ್ಪ."

ಬಾಗಿಲಾಚೆ ಅಂಗಳ ಬೆಳ್ಳಗಾಯಿತು. ಮಂಜು ಹೊಸ್ತಿಲವರೆಗೆ ಬಂತು. ಹಿಂದಿನ ಗೋಡೆಗೆ ಯಾರೋ ಬಡಿದರು. ಒಂದು. ಎರಡು. ಮೂರು.

"ಯಾರೋ ಬಂದಿದಾರೆ," ಎಂದಳು ಸರ್ವೆಯ ಹುಡುಗಿ, ತಲೆಯೆತ್ತದೆ. "ಒಳಗೆ ಬರಕ್ಕೆ ಹೇಳಿ."

ಹೆರ್ಮನ್ ಲೋಟವನ್ನು ಬಾಯಿಗೂ ಚಾಪೆಗೂ ನಡುವೆ ಹಿಡಿದಿದ್ದ. ಮುದುಕನ ಕಣ್ಣು ಗೋಡೆಯಿಂದ ಸೊಸೆಯ ಕಡೆಗೆ ಬಂತು.

"ಇಷ್ಟು ದಿನ ಕೇಳ್ಕೊಂಡೇ ಇದ್ದೀವಿ ರೋಫಿನಾ," ಎಂದ ಕಾನಿಸ್ ತಗ್ಗಿದ ದನಿಯಲ್ಲಿ. "ಅಪ್ಪನ ಕೈ ಈ ಉತ್ತರಕ್ಕೇ ಕಾಯ್ತಿದೆ. ಹೇಳ್ಬಿಡು. ಹೊರಗಿನದು ಅಂತ ಹೇಳು, ಮುಗೀಲಿ. ತಗಡು ನೋಡು ಹೆಂಗಾಗಿದೆ. ಲೆನಿ ಇದಾಳೆ."

ರೋಫಿನಾ ತಗಡು ನೋಡಿದಳು. ಮಳೆಗಾಲದಲ್ಲಿ ಪಾತ್ರೆ ಇಡುವ ಏಳು ಜಾಗವೂ ಅವಳಿಗೆ ಕಣ್ಣು ಮುಚ್ಚಿ ಗೊತ್ತಿತ್ತು. ಆಮೇಲೆ ಲೆನಿಯನ್ನು ನೋಡಿದಳು. ಲೆನಿ ತಿನಾಳ ಗಂಟಿನ ಅಂಚಿನಲ್ಲಿ ಅರ್ಧ ಜಾಗ ಮಾಡಿಕೊಂಡು ಕೂತಿದ್ದಳು.

ಮತ್ತೆ ಮೂರು ಸಲ ಬಡಿಯಿತು. ಮೊದಲಿನದಕ್ಕಿಂತ ಮೆಲ್ಲಗೆ, ಸೋತವರ ಹಾಗೆ.

"ಒಳಗಿನದು," ಎಂದಳು ರೋಫಿನಾ.

ಮಾತು ಕಾಫಿ ಬೇಕಾ ಎಂದು ಕೇಳುವಷ್ಟೇ ಸಾದಾ ದನಿಯಲ್ಲಿ ಬಂತು. ಅವಳಿಗೇ ಸಾಲದೆನಿಸಿ ಗೋಡೆಯ ಕಡೆ ತಿರುಗಿ ಇನ್ನೊಮ್ಮೆ ಹೇಳಿದಳು. "ಹೆಣ್ಣು. ಒಳಗಿನದು."

ಮುದುಕನ ಕೈ ಸಡಿಲವಾಯಿತು. ಹೆಬ್ಬೆಟ್ಟು ತಾನಾಗಿಯೇ ಇಳಿದು ಕಾಗದದ ಮೇಲೆ ಕೂತಿತು.

"ಹೆಸರು?" ಎಂದಳು ಸರ್ವೆಯ ಹುಡುಗಿ.

"ಯುಸ್ತಿನಾ," ಎಂದಳು ರೋಫಿನಾ.

"ನಿಂಗೆ ತಲೆ ಕೆಟ್ಟಿದೆಯಾ?" ಎಂದ ಕಾನಿಸ್. "ಯಾರು ಹೇಳ್ಕೊಟ್ರು ಇದನ್ನ?"

"ನಿಮ್ಮಮ್ಮ. ಅವತ್ತು ಹೇಳಿದ್ದು ನಿಮ್ಮಮ್ಮನೇ. ಮಗೂನ ನೋಡ್ತಾನೇ ಹೇಳಿದ್ದು. ಮೊನಿಕಾ ಅಜ್ಜಿ ಒಳಗಿದ್ರು. ನೀನು ಕೇಳಿದ್ದನ್ನೇ ತಗೊಂಡೋದೆ."

ಕಾನಿಸನ ಎಡಗೈ ತಾನೇ ಹಿಂದೆ ಹೋಗಿ ಬೆನ್ನು ಮುಟ್ಟಿಕೊಂಡಿತು.

"ನಾನು ಸುಳ್ಳು ಹೇಳಿರ್ಲಿಲ್ಲ," ಎಂದ. ಯಾರಿಗೆ ಹೇಳಿದನೋ. "ಅಪ್ಪ, ನಾನು ಸುಳ್ಳು ಹೇಳಿರ್ಲಿಲ್ಲ."

ಮುದುಕ ಮಸಿಯಾದ ಕೈಯನ್ನು ಎಳೆದುಕೊಂಡು ಮಗನ ಮೊಣಕಾಲಿನ ಮೇಲೆ ಇಟ್ಟ. ಅಲ್ಲಿ ಕಪ್ಪು ಗುರುತು ಬಿತ್ತು.

ಹೆರ್ಮನ್ ಲೋಟ ಇಳಿಸಿ ಬೂಟು ಹುಡುಕಿದ. ಊರ ಮುಖ್ಯಸ್ಥ ಎರಡು ಸಲ ಕೆಮ್ಮಿ, ಗೋಡೆ ಕೇಳಿ ಉತ್ತರ ಆದ ಮೇಲೆ ತಾನೇನು ಹೇಳುವುದು ಎಂದು ಸಾಕ್ಷಿ ಹಾಕಿದ. ತಿನಾ ಅಲ್ಲೇ ಕೂತಿದ್ದಳು. ಸಹಿಗೆ ಕರೆದಾಗ ಎದ್ದು ಬಂದು ಎಲ್ಲಿ ಹಾಕಬೇಕು ಎಂದು ಕೇಳಿದಳು. ಬರೆದಳು. ವಾಪಸ್ಸು ಹೋಗಿ ಗಂಟು ಬಿಚ್ಚಿ, ಒಳಗಿನಿಂದ ಒಂದು ಕೆಂಪು ತೆನೆ ತೆಗೆದು ಒಲೆಯ ಮೇಲಿನ ಅಟ್ಟಕ್ಕೆ ಕಟ್ಟಿದಳು. ಕಡಲಾಚೆ ಬಿತ್ತಲು ಕದ್ದಿಟ್ಟುಕೊಂಡದ್ದು ಅದು.

*

ಮೂರು ದಿನ ಕಾನಿಸ್ ಹೆಂಡತಿಯೊಡನೆ ಮಾತಾಡಲಿಲ್ಲ. ಉಪ್ಪು ಬೇಕಾದರೆ ಲೆನಿಗೆ ಹೇಳಿ ಕೇಳಿಸುತ್ತಿದ್ದ. ಬಂಗಲೆಯವರು ಆಚೆ ಗುಡ್ಡದಲ್ಲಿ ಜಾಗ ನೋಡುತ್ತಿದ್ದಾರೆ ಎಂದು ದಾನು ಸುದ್ದಿ ತಂದ. ಮಾವನ ತಟ್ಟೆಯ ಅನ್ನ ಈಗ ಬಡಿಸಿದ ಹಾಗೇ ಗುಡ್ಡೆಯಾಗಿ ಇರುತ್ತಿತ್ತು. ಬಲಗೈ ಮಡಿಲಲ್ಲಿ ಅಲುಗದೆ ಮಲಗಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಮಳೆ ಹಿಡಿದು ಊಟ ತಡವಾಯಿತು. ರೋಫಿನಾ ಏಳು ಪಾತ್ರೆಗಳನ್ನು ಏಳು ಜಾಗಕ್ಕೆ ಇಟ್ಟು ಬಂದು ಬಡಿಸಿದಳು. ತಿನಾ ಸೀಮೆಬದನೆಯ ಸಾರು ಮಾಡಿದ್ದಳು.

"ಸಾರು ಚೆನ್ನಾಗಿದೆ," ಎಂದ ಕಾನಿಸ್, ಸಾರಿಗೆ.

"ಯಾರಿಗೆ ಹೇಳ್ತಿದೀಯ ಅಣ್ಣ, ಪಾತ್ರೆಗಾ?" ಎಂದಳು ತಿನಾ.

ಅವನು ನಗದಿರಲು ನೋಡಿದ. ಆಗಲಿಲ್ಲ. ರೋಫಿನಾ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಲು ಬಗ್ಗಿದಳು.

ಗೋಡೆ ಬಡಿಯಿತು. ಮೂರು ಸಲ.

ಕಾನಿಸ್ ತಿನಾಳನ್ನು ನೋಡಿದ. ತಿನಾ ತಲೆ ಅಲ್ಲಾಡಿಸಿದಳು. ಮುದುಕನ ಕಣ್ಣು ಗೋಡೆಯ ಮೇಲಿರಲಿಲ್ಲ. ಅದು ಲೆನಿಯ ಮೇಲಿತ್ತು.

ಲೆನಿ ಬೆರಳು ನೆಕ್ಕಿ ಅಮ್ಮನ ಕಡೆ ತಿರುಗಿದಳು.

"ಅಮ್ಮ, ನಾನು ಹುಟ್ಟಿದಾಗ ಏನಂತ ಹೇಳಿದ್ರಿ?"

ರೋಫಿನಾಳ ಕೈಯಲ್ಲಿ ಸೌಟು ತುಂಬಿತ್ತು. ಗೋಡೆಯಾಚೆ ಕಾಯುತ್ತಿದ್ದವರಿಗೆ ಅವಸರವಿರಲಿಲ್ಲ.